ಸ್ಕ್ವಾಡ್ರನ್ ಲೀಡರ್ ದೇವಯ್ಯ ಅವರ ಪದಕಕ್ಕ 23 ವರ್ಷ ಯಾಕ ಹಿಡೀತು? ಸಾಲಿ ಹುಡುಗ್ರಿಗೆ ಹೆಂಗ ಹೇಳ್ಲಿ?

ಸಿಂಧನೂರು_ಮೇಷ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ್ರಿ. ನಾನು ಸಿಂಧನೂರು ತಾಲೂಕಿನ ಒಂದು ಹಳ್ಳಿ ಸಾಲ್ಯಾಗ ಮೇಷ್ಟ್ರು. ಪ್ರತಿ ಶನಿವಾರ ಪ್ರಾರ್ಥನೆ ಆದಮ್ಯಾಲ ಹುಡುಗ್ರನ್ನ ಬೇವಿನ ಗಿಡದ ನೆರಳಾಗ ಕುಂದ್ರಿಸಿ ಒಬ್ಬೊಬ್ಬರ ಜೀವನದ ಕಥಿ ಹೇಳ್ತೀನಿ, ಇದು ಪಾಠದಾಗಿಲ್ಲ, ನನ್ನ ಖುಷಿಗೆ ಮಾಡೋದು. ಸೆಪ್ಟೆಂಬರ್ 7 ಹತ್ರ ಬಂತಲ್ಲ ಅಂತ ಈ ವಾರ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಕಥಿ ಹೇಳಿದೆ.

ನಾನು ಹೇಳಿದ್ದು ಇಷ್ಟು. 1932ರ ಡಿಸೆಂಬರ್ 24ಕ್ಕ ಹುಟ್ಟಿದ್ರು, 1954ರಾಗ ವಾಯುಪಡೆಗೆ ಪೈಲಟ್ ಆಗಿ ಸೇರಿದ್ರು, 1965ರ ಯುದ್ಧದಾಗ ಸೆಪ್ಟೆಂಬರ್ 7ರ ಬೆಳಗಿನ ಜಾವ ಪಾಕಿಸ್ತಾನದ ಸರಗೋಧಾ ವಿಮಾನ ನೆಲೆ ಮ್ಯಾಲೆ ದಾಳಿ ಮಾಡಾಕ ಹೋದವರು ವಾಪಸ್ ಬರಲಿಲ್ಲ. ಇನ್ನೂ 33 ತುಂಬಿರಲಿಲ್ಲ. ತಮ್ಮ ಹಳೇ ಮಿಸ್ಟೇರ್ ವಿಮಾನದಾಗ ಇದ್ದುಕೊಂಡು ಆ ಕಾಲದ ದೊಡ್ಡ ಹೆಸರಿನ ಸ್ಟಾರ್‌ಫೈಟರ್ ವಿಮಾನ ಬೀಳಿಸಿದ್ರು. ಅದನ್ನ ನಮ್ಮವರು ಯಾರೂ ನೋಡಿರಲಿಲ್ಲ. ಆದ್ರ ಯುದ್ಧದ ಶೌರ್ಯಕ್ಕ ಕೊಡೋ ಎರಡನೇ ದೊಡ್ಡ ಪದಕ, ಮಹಾವೀರ ಚಕ್ರ, ಬಂದಿದ್ದು 1988ರಾಗ.

ಇಲ್ಲಿತನ ಚಲೋ ಕೇಳಿದ್ರು. ಆಮ್ಯಾಲ ಆರನೇ ಕ್ಲಾಸಿನ ಒಬ್ಬ ಹುಡುಗಿ, ಹಿಂದ ಗ್ವಾಡಿಗೆ ಆನಿಕೊಂಡು ಕುಂದ್ರಾಕಿ, ಮಾತು ಭಾಳ ಕಮ್ಮಿ, ಎದ್ದು ನಿಂತು ಕೇಳಿದ್ಳು: "ಸರ್, ಅವರು ಹೊಡೆದಿದ್ದು ಯಾರೂ ನೋಡಿಲ್ಲಂದ್ರ ಗೊತ್ತಾಗಿದ್ದು ಹೆಂಗ್ರಿ? ಅಲ್ಲಿತನ ಅವರ ಮನ್ಯಾಗ ಏನಂತ ತಿಳ್ಕೊಂಡಿದ್ರಿ?" ಅದರ ಬೆನ್ನಿಗೇ ಇನ್ನೊಬ್ಬ, ಸ್ಲೋ ವಿಮಾನ ಫಾಸ್ಟ್ ವಿಮಾನನ ಹೆಂಗ ಹೊಡೀತೈತ್ರಿ ಅಂದ.

ಸೋಮವಾರ ಹೇಳ್ತೀನಿ ಅಂತ ಹೇಳಿ ಬಂದೀನಿ. ಮೊಬೈಲ್‌ನಾಗ ಹುಡುಕಿದ್ರ ಎಲ್ಲಾ ಕಡಿ ಅವೇ ನಾಕು ಸಾಲು, ಶೂರ ಧೀರ ಅನ್ನೋದು ಬಿಟ್ರ ಏನೂ ಇಲ್ಲ. ಆ ಹುಡುಗಿ ಕೇಳಿದ್ದಕ್ಕ ಆ ನಾಕು ಸಾಲು ಸಾಲಂಗಿಲ್ಲ. ವಾಯುಪಡ್ಯಾಗ ಇದ್ದವರು, ಕೊಡಗಿನ ಕಡಿಯವರು ಯಾರರ ಇದ್ರ ದಯವಿಟ್ಟು ತಿಳಿಸ್ರಿ.

ಬಳ್ಳಾರಿ_ಮಾಜಿ_ಏರ್‌ಮನ್:

ಮೇಷ್ಟ್ರೇ ನಮಸ್ಕಾರ. ನಾನು ಬಳ್ಳಾರಿಯವನು, ವಾಯುಪಡೆಯಲ್ಲಿ ಗ್ರೌಂಡ್ ಕ್ರೂ ಆಗಿದ್ದು ರಿಟೈರ್ ಆದೋನು. 65ರ ಯುದ್ಧ ನೋಡಿದ ವಯಸ್ಸಲ್ಲ ನಂದು, ಆದ್ರೆ ಈ ಕಥೆ ನಮ್ಮ ಸೀನಿಯರ್‌ಗಳ ಬಾಯಲ್ಲಿ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ.

ಮೊದಲು ಒಂದು ವಿಷಯ, ಇದನ್ನ ಹುಡುಗ್ರಿಗೆ ಬಿಡದೆ ಹೇಳಿ, ಬಹಳ ಜನ ಬಿಟ್ಟುಬಿಡ್ತಾರೆ. ಅವತ್ತು ದೇವಯ್ಯ ಅವರ ಹೆಸರು ದಾಳಿಗೆ ಹೋಗೋ 12 ವಿಮಾನದ ಪಟ್ಟಿಯಲ್ಲಿ ಇರಲೇ ಇಲ್ಲ. ಅವರು ಸ್ಟ್ಯಾಂಡ್‌ಬೈ. ಅಂದ್ರೆ ಪೂರ್ತಿ ರೆಡಿ ಇರಬೇಕು, ಯಾವುದಾದ್ರೂ ವಿಮಾನ ಕೈ ಕೊಟ್ರೆ ಆ ಜಾಗಕ್ಕೆ ಹೋಗಬೇಕು, ಎಲ್ಲಾ ಸರಿ ಇದ್ರೆ ಇಳಿದು ಬಂದು ಚಾ ಕುಡೀಬೇಕು ಅಷ್ಟೇ. ಅವತ್ತು ಒಂದು ವಿಮಾನ ಬರೋಕೆ ಆಗಲಿಲ್ಲ, ಇವರು ಹೋದ್ರು. ಹಿಂದಿನ ದಿನ, 6ನೇ ತಾರೀಖು ಸಂಜೆ, ಪಾಕಿಸ್ತಾನದವರು ಪಠಾಣ್‌ಕೋಟ್ ಮೇಲೆಲ್ಲ ದಾಳಿ ಮಾಡಿದ್ರು, ಅದಕ್ಕೆ ಉತ್ತರ ಇದು. ಪಂಜಾಬಿನ ಆದಂಪುರದಿಂದ ಹೊರಟಿದ್ದು, ಇವರ ಒಂದನೇ ಸ್ಕ್ವಾಡ್ರನ್‌ಗೆ (ಸ್ಕ್ವಾಡ್ರನ್ ಅಂದ್ರೆ ವಿಮಾನಗಳ ಒಂದು ತುಕಡಿ) ಟೈಗರ್ಸ್ ಅಂತ ಹೆಸರು, ನಮ್ಮ ವಾಯುಪಡೆಯ ಮೊಟ್ಟಮೊದಲ ಸ್ಕ್ವಾಡ್ರನ್ ಅದು, 1933ರದ್ದು. ಮುಂದೆ ನಡೆಸಿದವರು ವಿಂಗ್ ಕಮಾಂಡರ್ ತನೇಜಾ.

ಆದಂಪುರದಿಂದ ಸರಗೋಧಾ ನೇರ ಗೆರೆ ಎಳೆದ್ರೆ ಸುಮಾರು 300 ಕಿ.ಮೀ., ಹೆಚ್ಚುಕಮ್ಮಿ ನಮ್ಮ ಬಳ್ಳಾರಿಯಿಂದ ಬೆಂಗಳೂರಿಗೆ ರೋಡಲ್ಲಿ ಹೋದಷ್ಟು. ಹೋಗಿ ಬಾಂಬ್ ಹಾಕಿ ಅಷ್ಟೇ ದೂರ ವಾಪಸ್ ಬರಬೇಕು, ದಾರಿಯಲ್ಲಿ ಎಲ್ಲೂ ಪೆಟ್ರೋಲ್ ಬಂಕ್ ಇಲ್ಲ. ಹಂಗಾಗಿ ಮಧ್ಯದಲ್ಲಿ ಯಾರ ಜೊತೆ ಕಾದಾಟಕ್ಕೆ ನಿಂತ್ರೂ ಮನೆಗೆ ಬರೋ ಎಣ್ಣೆ ಅಲ್ಲೇ ಸುಡ್ತಾ ಇರುತ್ತೆ, ಇದು ಪ್ರತಿ ಪೈಲಟ್‌ಗೂ ಗೊತ್ತಿರೋ ಲೆಕ್ಕ, ದೇವಯ್ಯ ಅವರಿಗೆ ಇನ್ನೂ ಚೆನ್ನಾಗಿ ಗೊತ್ತು, ಯಾಕಂದ್ರೆ ಅವರು ಬೇರೆಯವರಿಗೆ ವಿಮಾನ ಕಲಿಸ್ತಿದ್ದ ಇನ್‌ಸ್ಟ್ರಕ್ಟರ್ ಆಗಿದ್ದವರು.

ಈಗ ಸ್ಲೋ ಫಾಸ್ಟ್ ಪ್ರಶ್ನೆ. ಸ್ಟಾರ್‌ಫೈಟರ್, ಎಫ್-104, ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹೋಗೋ ವಿಮಾನ, ಅಮೆರಿಕದ್ದು. ನಮ್ಮ ಮಿಸ್ಟೇರ್ ಫ್ರಾನ್ಸ್‌ದು, ಗಂಟೆಗೆ ಸಾವಿರದ ನೂರು ಕಿ.ಮೀ. ಹತ್ರ ಅಷ್ಟೇ. ಓಡಿ ತಪ್ಪಿಸ್ಕೊಳ್ಳೋ ಮಾತೇ ಇಲ್ಲ. ಆದ್ರೆ ಸ್ಟಾರ್‌ಫೈಟರ್‌ಗೆ ರೆಕ್ಕೆ ಬಹಳ ಗಿಡ್ಡ, ನೇರ ಹೋಗೋಕೆ ಮಾಡಿದ್ದು, ತಿರುಗಬೇಕಂದ್ರೆ ದೊಡ್ಡ ಸುತ್ತು ಬೇಕು. ನಿಮ್ಮ ಊರ ಓಣಿಯಲ್ಲಿ ನೋಡಿ, ಬುಲೆಟ್ ಗಾಡಿ ಜೋರಾಗಿ ಬಂದು ಮೂಲೇಲಿ ಹೊರಳೋಕಾಗದೆ ಮುಂದೆ ಹೋಗಿಬಿಡುತ್ತೆ, ಸೈಕಲ್ ಮೇಲಿರೋ ಹುಡುಗ ಪಟ್ಟನೆ ಹೊರಳಿಸ್ತಾನೆ. ವಿಮಾನದ ಗನ್ನು ನೇರ ಮುಂದಕ್ಕೆ ಹೊಡೀತದೆ, ಹಂಗಾಗಿ ಪೂರ್ತಿ ವಿಮಾನನೇ ವೈರಿ ಕಡೆ ತಿರುಗಿಸಬೇಕು. ಫಾಸ್ಟ್ ಇರೋನು ಹಠಕ್ಕೆ ಬಿದ್ದು ಸ್ಲೋ ಇರೋನ ಜೊತೆ ಸುತ್ತೋಕೆ ಶುರು ಮಾಡಿದ್ರೆ ಅವನ ದೊಡ್ಡ ಬಲ ಅಲ್ಲೇ ಹೋಯ್ತು. ದೇವಯ್ಯ ಅವರ ವಿಮಾನಕ್ಕೆ ಮೊದಲೇ ಪೆಟ್ಟು ಬಿದ್ದಿತ್ತು, ಅಂಥ ವಿಮಾನನ ಅವರು ತಿರುಗಿಸಿ ಹೊಡೆದ್ರು. ಸ್ಟಾರ್‌ಫೈಟರ್ ಬಿತ್ತು, ಅದರ ಪೈಲಟ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡ್ರು. ದೇವಯ್ಯ ಉಳಿಯಲಿಲ್ಲ.

ಇನ್ನೊಂದು ಹೇಳ್ತೀನಿ, ಇದು ನನ್ನ ಕೈಯಾರೆ ಮಾಡಿದ ಕೆಲಸ. ಪೈಲಟ್ ಕೂತ ಮೇಲೆ ಏಣಿ ಹತ್ತಿ ಭುಜದ ಬೆಲ್ಟು ಎಳೆದು ಬಿಗಿ ಮಾಡೋರು ನಾವು. ಸೇಫ್ಟಿ ಪಿನ್ನಿಗೆ ಕೆಂಪು ಪಟ್ಟಿ ಇರುತ್ತೆ, ಅದನ್ನ ತೆಗೆದು ಅವರ ಕಣ್ಣಿಗೆ ಕಾಣೋ ಹಂಗೆ ಎತ್ತಿ ತೋರಿಸಬೇಕು, ಅವರು ಹೆಬ್ಬೆರಳು ಎತ್ತುತಾರೆ. ಏಣಿ ತೆಗೀತೀವಿ. ಆಮೇಲೆ ಅದೇ ಏಣಿ ಪಕ್ಕ ಕಾಯೋದು. ವಾಪಸ್ ಬರೋವಾಗ ಯಾರೂ ಹೇಳದಿದ್ರೂ ಎಲ್ಲಾರೂ ಎಣಿಸ್ತಿರ್ತಾರೆ, ಒಂದು, ಎರಡು, ಮೂರು. ನಮ್ಮ ಕಾಲದಲ್ಲಿ ಟ್ರೇನಿಂಗ್ ಹಾರಾಟ ಅಷ್ಟೇ, ಹತ್ತು ನಿಮಿಷ ಲೇಟಾದ್ರೂ ಗಂಟಲು ಒಣಗ್ತಿತ್ತು. ಅವತ್ತು ಆದಂಪುರದಲ್ಲಿ ಅವರ ಏಣಿ ಹಿಡಿದಿದ್ದ ಹುಡುಗ ಯಾರಿದ್ನೋ, ಎಷ್ಟೊತ್ತು ನಿಂತಿದ್ನೋ, ನಂಗೆ ಈ ಕಥೆಯಲ್ಲಿ ಯಾವಾಗ್ಲೂ ಮೊದಲು ಅವನೇ ನೆನಪಾಗ್ತಾನೆ.

ಗಂಗಾವತಿ_ಎನ್‌ಡಿಎ_ಕನಸು:

ಸರ್ ನನಗೆ ಗೊತ್ತಿರೋ ಪ್ರಕಾರ ಇವರಿಗೆ ಪರಮವೀರ ಚಕ್ರ ಅಲ್ವಾ? ಯೂಟ್ಯೂಬ್‌ನಾಗ ಒಬ್ರು ಹಂಗೇ ಹೇಳಿದ್ರು. ಆಮೇಲೆ ಹಿಂದಿ ಸಿನಿಮಾ ಬಂತಲ್ಲ ಇವರದ್ದು, ಅದನ್ನೇ ಹುಡುಗರಿಗೆ ತೋರಿಸಿಬಿಡ್ರಿ, ಎಲ್ಲಾ ಅರ್ಥ ಆಕೈತಿ.

ಬಳ್ಳಾರಿ_ಮಾಜಿ_ಏರ್‌ಮನ್:

ಇಲ್ಲಪ್ಪ, ಮಹಾವೀರ ಚಕ್ರ. ವಾಯುಪಡೆಯಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಬಂದಿರೋದು ಇವರೊಬ್ಬರಿಗೇ. ಪರಮವೀರ ಚಕ್ರ ವಾಯುಪಡೆಯಲ್ಲಿ ಇರೋದು ಒಂದೇ, ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೇಖೋಂ ಅವರದ್ದು, 1971ರ ಡಿಸೆಂಬರ್ 14, ಶ್ರೀನಗರ. ರನ್‌ವೇ ಮೇಲೆ ಬಾಂಬ್ ಬೀಳ್ತಿದ್ದಾಗಲೇ ಟೇಕಾಫ್ ಮಾಡಿ ಪಾಕಿಸ್ತಾನದ ಆರು ಸೇಬರ್ ವಿಮಾನದ ಮಧ್ಯ ಹೋದವರು. ಅವರಿಗಂತೂ 30 ಕೂಡ ಆಗಿರಲಿಲ್ಲ. ಅವರು ಹಾರಿಸಿದ ನ್ಯಾಟ್ ಜಾತಿಯ ವಿಮಾನ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗ್ತಿತ್ತು, ಇದನ್ನೂ ತಿಳ್ಕೊ, ಇಂಟರ್‌ವ್ಯೂನಲ್ಲಿ ಕೆಲಸಕ್ಕೆ ಬರುತ್ತೆ.

ಸಿನಿಮಾ ನೋಡೋದು ಬೇಡ ಅನ್ನಲ್ಲ. ಆದ್ರೆ ಸಿನಿಮಾದಲ್ಲಿ ಹೆಸರು ಬೇರೆ, ಸೇರಿಸಿದ್ದು ಬಿಟ್ಟಿದ್ದು ಬಹಳ ಇರುತ್ತೆ. ಹುಡುಗ್ರು ಅದೇ ನಿಜ ಅಂದ್ಕೊಂಡುಬಿಡ್ತಾರೆ. ಮೊದಲು ನಡೆದಿದ್ದು ಗೊತ್ತಾಗಲಿ.

ತೋರಣಗಲ್ಲು_ಕೊಡವ:

ಮೇಷ್ಟ್ರೇ, ನಾನು ಕೊಡಗಿನವನು, ಕೆಲಸಕ್ಕೆ ಅಂತ ಬಂದು ತೋರಣಗಲ್ಲಿನಲ್ಲಿ ಹನ್ನೆರಡು ವರ್ಷ ಆಯ್ತು. ಇಷ್ಟು ದೂರದ ಸಿಂಧನೂರಿನ ಹಳ್ಳಿ ಶಾಲೆಯಲ್ಲಿ ಮಕ್ಕಳು ದೇವಯ್ಯ ಅವರ ಬಗ್ಗೆ ಕೇಳ್ತಿದ್ದಾರೆ ಅಂತ ಓದಿ ತುಂಬಾ ಸಂತೋಷ ಆಯ್ತು, ಮನೆಯವರಿಗೂ ಓದಿ ಹೇಳಿದೆ.

ನೀವು ಹೆಸರು ಸರಿಯಾಗಿ ಬರೆದಿದ್ದೀರಿ, ಎಷ್ಟೋ ಕಡೆ ಅಜ್ಜಮದ ಅಂತ ಬರೆದುಬಿಡ್ತಾರೆ. ಅಜ್ಜಮಾಡ ಅನ್ನೋದು ಅವರ ಮನೆತನ, ನಾವು ಒಕ್ಕ ಅಂತೀವಿ, ಹೆಸರಿನ ಮುಂದೆ ಅದನ್ನ ಹೇಳದೆ ನಮ್ಮಲ್ಲಿ ಯಾರನ್ನೂ ಪರಿಚಯ ಮಾಡಿಸಲ್ಲ. ಮಡಿಕೇರಿಯಲ್ಲಿ ಹಳೇ ಖಾಸಗಿ ಬಸ್ ಸ್ಟ್ಯಾಂಡ್ ಹತ್ತಿರ ಅವರ ಪ್ರತಿಮೆ ಇದೆ. ಸೆಪ್ಟೆಂಬರ್ ಶುರುವಿನಲ್ಲಿ ನಮಗೆ ಕೈಲ್ ಪೊಳ್ದ್ ಹಬ್ಬ, ಕೋವಿ ಕತ್ತಿ ಎಲ್ಲಾ ತೊಳೆದು ಹೂ ಇಟ್ಟು ಪೂಜೆ ಮಾಡ್ತೀವಿ. ಹಬ್ಬ ಮುಗಿದ ನಾಲ್ಕೈದು ದಿನಕ್ಕೇ ಈ 7ನೇ ತಾರೀಖು ಬರುತ್ತೆ, ಚಿಕ್ಕವನಿದ್ದಾಗಿಂದ ನನ್ನ ತಲೆಯಲ್ಲಿ ಎರಡೂ ಒಟ್ಟಿಗೇ ಕೂತಿವೆ.

ಆ ಹುಡುಗಿಯ ಮೊದಲ ಪ್ರಶ್ನೆಗೆ ಉತ್ತರ ಹೇಳ್ತೀನಿ. ಹೇಗೆ ಗೊತ್ತಾಯ್ತು ಅಂದ್ರೆ, ಆ ಕಡೆಯವರಿಂದಲೇ ಗೊತ್ತಾಯ್ತು. ಜೊತೆಗೆ ಹೋದ ನಮ್ಮ ಪೈಲಟ್‌ಗಳು ಯಾರೂ ಆ ಕಾದಾಟ ನೋಡಿರಲಿಲ್ಲ, ದೇವಯ್ಯ ಗುಂಪಿನಿಂದ ಬೇರೆಯಾಗಿ ಒಬ್ಬರೇ ಇದ್ರು. ಇಲ್ಲಿ ದಾಖಲೆಯಲ್ಲಿ ಕಾಣೆಯಾಗಿದ್ದಾರೆ ಅಂತಷ್ಟೇ ಇತ್ತು, ಆಮೇಲೆ ಮೃತರು ಅಂತ ಘೋಷಣೆ ಆಯ್ತು. 1979ರಲ್ಲಿ ಜಾನ್ ಫ್ರಿಕರ್ ಅನ್ನೋ ಬ್ರಿಟಿಷ್ ಲೇಖಕರು ಪಾಕಿಸ್ತಾನದ ವಾಯುಪಡೆಯ ವಿವರ ಇಟ್ಕೊಂಡು ಯುದ್ಧದ ಬಗ್ಗೆ ಪುಸ್ತಕ ಬರೆದ್ರು, ಅದರಲ್ಲಿ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರ ಸ್ಟಾರ್‌ಫೈಟರ್ ಒಂದು ಮಿಸ್ಟೇರ್ ಜೊತೆಗಿನ ಕಾದಾಟದಲ್ಲಿ ಬಿತ್ತು ಅಂತ ಇತ್ತು. ಅವತ್ತು ವಾಪಸ್ ಬಾರದ ಮಿಸ್ಟೇರ್ ಯಾವುದು ಅಂತ ಇಲ್ಲಿ ಹೊಂದಿಸಿ ನೋಡಿದಾಗ ಅದು ದೇವಯ್ಯ ಅವರದ್ದೇ. ಅವತ್ತು ದಾಳಿ ಮುನ್ನಡೆಸಿದ್ದ ತನೇಜಾ ಅವರು ಅಷ್ಟೊತ್ತಿಗೆ ನಿವೃತ್ತರು, ತಮ್ಮ ಹುಡುಗನಿಗೆ ಸಲ್ಲಬೇಕಾದ್ದು ಸಲ್ಲಲಿ ಅಂತ ಸರ್ಕಾರಕ್ಕೆ ಬರೆದ್ರು. 1988ರಲ್ಲಿ ಪದಕ ಬಂತು, ಅವರ ಪತ್ನಿ ಸ್ವೀಕರಿಸಿದ್ರು. ಮದುವೆ ಆಗಿ ಇಬ್ಬರು ಚಿಕ್ಕ ಹೆಣ್ಣುಮಕ್ಕಳನ್ನ ಬಿಟ್ಟು ಹೋದವರು ದೇವಯ್ಯ, ಪದಕ ಬರೋ ಹೊತ್ತಿಗೆ ಆ ಮಕ್ಕಳು ಬೆಳೆದು ದೊಡ್ಡವರಾಗಿದ್ರು.

ಯಾರೋ ಬೇಕಂತ ತಡ ಮಾಡಿದ್ರು ಅಂತ ಮಕ್ಕಳಿಗೆ ಹೇಳಬೇಡಿ. ಸಾಕ್ಷಿ ಇಲ್ಲದೆ ಪದಕ ಕೊಡೋಕಾಗಲ್ಲ, ಸಾಕ್ಷಿ ಗಡಿಯ ಆ ಕಡೆ ಇತ್ತು. ಆ ಕಡೆಯವರು ಅದನ್ನ ಮುಚ್ಚಿಡದೆ ಹೇಳಿದ್ರಲ್ಲ, ಅದಕ್ಕೆ ನನಗೆ ಗೌರವ ಇದೆ.

ಕುಷ್ಟಗಿ_ಅಕ್ಕ:

ನಾನು ಇಲ್ಲಿ ಬರೆಯೋದು ಕಮ್ಮಿ, ದಿನಾ ಓದ್ತೀನಿ. ಆ ಹುಡುಗಿ ಎರಡನೇದು ಕೇಳ್ಯಾಳಲ್ಲ, ಮನ್ಯಾಗ ಏನಂತ ತಿಳ್ಕೊಂಡಿದ್ರು ಅಂತ, ಅದಕ್ಕ ಯಾರೂ ಉತ್ತರ ಹೇಳಿಲ್ಲ. ದೇವಯ್ಯ ಸಾಹೇಬ್ರ ಮನೀದು ನನಗ ಗೊತ್ತಿಲ್ರಿ, ನಮ್ಮ ಮನೀದು ಹೇಳ್ತೀನಿ.

ನಮ್ಮ ದೊಡ್ಡವ್ವನ ಗಂಡ ಮಿಲ್ಟ್ರಿಯಾಗ ಜವಾನ. 71ರ ಯುದ್ಧಕ್ಕ ಹೋದವರು. ಟೆಲಿಗ್ರಾಮ್ ಬಂದಾಗ ಅದು ಇಂಗ್ಲಿಷ್‌ನಾಗಿತ್ತಂತ, ಮನ್ಯಾಗ ಯಾರಿಗೂ ಓದಾಕ ಬರಂಗಿಲ್ಲ, ಪೋಸ್ಟ್ ಮಾಸ್ತರ್ರು ಬಾಗಲಾಗ ನಿಂತು ಓದಿ "ಕಾಣೆಯಾಗ್ಯಾರ ಅಂತ ಬರದಾರವ್ವ, ತೀರ್ಕೊಂಡಾರ ಅಂತ ಬರದಿಲ್ಲ" ಅಂದ್ರಂತ. ದೊಡ್ಡವ್ವ ಆ ಎರಡನೇ ಮಾತು ಹಿಡ್ಕೊಂಡ್ಳು.

ಆಮ್ಯಾಲ ಪಿಂಚಣಿ ಕಾಗದ ಬಂತು. ಅದಕ್ಕ ಹೆಬ್ಬಟ್ಟು ಒತ್ತಬೇಕಂದ್ರ ಅದ್ರಾಗ ಗಂಡ ತೀರ್ಕೊಂಡಾರ ಅಂತ ಐತಿ. ಒತ್ತಾಕ ಒಲ್ಲೆ ಅಂದ್ಳು. ಮನ್ಯಾಗ ಎಷ್ಟು ತ್ರಾಸ ಇತ್ತಂದ್ರ ಎರಡು ಎತ್ತು ಮಾರಿದ್ರು, ಆದ್ರೂ ಒತ್ತಲಿಲ್ಲ. ಆ ಕಾಗದ ಜ್ವಾಳದ ಹಗೇವಿನ ಮ್ಯಾಲಿನ ಗೂಡಿನಾಗ ವರ್ಷಾನುಗಟ್ಲೆ ಇತ್ತು, ನಾನು ಸಣ್ಣಾಕಿ ಇದ್ದಾಗ ನೋಡೀನಿ, ಮಡಚಿದ ಕಡಿ ಹರಿದು ನಾಕು ತುಂಡು ಆಗಿತ್ತು. ಓಣ್ಯಾಗ ಯಾರದರ ಉಡಿ ತುಂಬೋ ಕಾರ್ಯ ಇದ್ರ ಇಕಿನ್ನ ಕರೀಬೇಕೋ ಬ್ಯಾಡೋ ಅಂತ ಹೆಣ್ಮಕ್ಕಳು ಬಾಗಲಾಗ ನಿಂತು ಒಬ್ಬರ ಮುಖ ಒಬ್ಬರು ನೋಡೋರು. ಇಕಿ ಹಣಿ ತುಂಬ ಕುಂಕುಮ ಹಚ್ಕೊಂಡು ತಾನೇ ಹೊಂಟು ಬಿಡ್ತಿದ್ಳು. ನಮ್ಮವ್ವ ಒಂದಿನ ತಡ್ಕೊಳಾರ್ದ ಕೇಳಿದ್ಳಂತ, ಎಷ್ಟು ದಿನ ಹಿಂಗ ಅಂತ. "ನೋಡಿದವರು ಯಾರರ ಬಂದು ಹೇಳ್ಲಿ, ಆಮ್ಯಾಲ ಅಳಿಸ್ತೀನಿ" ಅಂದ್ಳು. ಯಾರೂ ಬರಲಿಲ್ಲ. ದೊಡ್ಡವ್ವ ತೀರ್ಕೊಂಡಾಗ ಮುತ್ತೈದಿ ಹಂಗ ಹಸಿರು ಬಳಿ ಇಟ್ಟು ಕಳಿಸಿದ್ವಿ, ಯಾರೂ ಬ್ಯಾಡ ಅನ್ನಲಿಲ್ಲ.

ಹಂಗಾಗಿ ಸರ್, ದೇವಯ್ಯ ಸಾಹೇಬ್ರ ಮನ್ಯಾಗ 1979ಕ್ಕ ಆ ಸುದ್ದಿ ಬಂತಲ್ಲ, ಇಂಥಾ ಕಡಿ ಹಿಂಗ ಹೋರಾಡಿದ್ರು, ಹಿಂಗ ಬಿದ್ರು ಅಂತ, ಅದನ್ನ ಓದಿ ನನಗ ಪದಕಕ್ಕಿಂತ ಆ ಸುದ್ದಿನೇ ದೊಡ್ಡದು ಅನ್ನಿಸ್ತು. ನಮ್ಮ ದೊಡ್ಡವ್ವಗ ಅಂಥ ಒಂದು ಸಾಲು ಸಿಕ್ಕಿದ್ರ ಸಾಕಿತ್ತು.

ಗಂಗಾವತಿ_ಎನ್‌ಡಿಎ_ಕನಸು:

ಅಕ್ಕ, ಓದಿ ಏನ್ ಬರೀಬೇಕೋ ತಿಳೀವಲ್ದು. ನಾನು ಪಿಯುಸಿ ಸೈನ್ಸ್, ಪೈಲಟ್ ಆಗಬೇಕು ಅಂತ ಐತಿ. ನಮ್ಮ ಅವ್ವ 2019ರಾಗ ಬೆಂಗಳೂರು ಏರ್‌ಶೋ ಪ್ರಾಕ್ಟೀಸ್‌ನಾಗ ವಾಯುಪಡೆಯ ಕಸರತ್ತಿನ ಟೀಮ್ ಸೂರ್ಯಕಿರಣ್‌ದ ಎರಡು ವಿಮಾನ ಡಿಕ್ಕಿ ಆಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರ್ಕೊಂಡಿದ್ದು ಟಿವಿಯಾಗ ನೋಡಿದಾಗಿಂದ ಬ್ಯಾಡ ಅಂತಾಳ. ಆ ಟೀಮ್ ನಮ್ಮ ಬೀದರಿನವರು ಅಂತ ಗೊತ್ತಾದ ಮ್ಯಾಲೆ ಇನ್ನೂ ಹೆದರ್ಯಾಳ. ಇಷ್ಟು ದಿನ ಅವ್ವಗ ಏನೂ ತಿಳಿಯಂಗಿಲ್ಲ ಅಂತ ಜಗಳ ಮಾಡ್ತಿದ್ದೆ. ಇವತ್ತು ರಾತ್ರಿ ಕುಂತು ಮಾತಾಡ್ತೀನಿ, ಹೋಗೋದು ಬಿಡಂಗಿಲ್ಲ, ಆದ್ರ ಜಗಳ ಮಾಡಂಗಿಲ್ಲ.

ಬಳ್ಳಾರಿ_ಮಾಜಿ_ಏರ್‌ಮನ್:

ಒಳ್ಳೇದು ಮಾಡ್ತೀಯಪ್ಪ. ಪಿಯುಸಿ ಮೇಲೆ ಸೇನೆಗೆ ತಗೊಳ್ಳೋ ಅಕಾಡೆಮಿ ಎನ್‌ಡಿಎ ಆಗಲಿಲ್ಲ ಅಂದ್ರೂ ಡಿಗ್ರಿ ಮುಗಿಸಿ ವಾಯುಪಡೆ ಸೇರೋ ಪರೀಕ್ಷೆ ಎಎಫ್‌ಕ್ಯಾಟ್ ಬರೀಬಹುದು. ವಾಯುಪಡೆಯ ಅಕಾಡೆಮಿ ಹೈದರಾಬಾದ್ ಹತ್ರ ದುಂಡಿಗಲ್‌ನಲ್ಲಿ, ನಿಮಗೆ ದೂರ ಅಲ್ಲ. ಅವ್ವನ್ನ ಒಂದ್ಸಲ ಪಾಸಿಂಗ್ ಔಟ್ ಪರೇಡ್‌ಗೆ ಕರ್ಕೊಂಡು ಹೋಗೋ ಹಂಗಾಗಲಿ.

ಸಿಂಧನೂರು_ಮೇಷ್ಟ್ರು:

ಎಲ್ಲರಿಗೂ ಕೈ ಮುಗೀತೀನ್ರಿ. ಸೋಮವಾರದ ಸುದ್ದಿ ಹೇಳ್ಲಾರ್ದ ಹೋದ್ರ ತಪ್ಪಾಕೈತಿ, ಅದಕ್ಕ ಬಂದೆ.

ಏರ್‌ಮನ್ ಸಾಹೇಬ್ರು ಹೇಳಿದ ಬುಲೆಟ್ಟು ಸೈಕಲ್ಲು ಲೆಕ್ಕನ ಗ್ರೌಂಡಿನಾಗ ಮಾಡಿ ತೋರಿಸಿದೆ. ನಮ್ಮ ಸಾಲ್ಯಾಗ ತಾಲೂಕು ಮಟ್ಟದಾಗ 100 ಮೀಟರ್ ಓಡೋ ಏಳನೇ ಕ್ಲಾಸಿನ ಹುಡುಗ ಅದಾನ, ಅವ ಸ್ಟಾರ್‌ಫೈಟರ್. ನಾಕನೇ ಕ್ಲಾಸಿನ ಒಬ್ಬ ಸಣ್ಣಾವ ಮಿಸ್ಟೇರ್. ಮುಟ್ಟಾಟ ಆಡ್ರಿ ಅಂದೆ, ಆದ್ರ ಎದಿ ಮುಂದ ಇರೋರನ್ನ ಅಷ್ಟೇ ಮುಟ್ಟಬೇಕು, ಕೈ ಪಕ್ಕಕ್ಕ ಚಾಚಂಗಿಲ್ಲ. ದೊಡ್ಡಾವ ಎರಡು ಸಲ ಸುಲಭ ಮುಟ್ಟಿದ. ಮೂರನೇ ಸಲ ಸಣ್ಣಾವ ಪಟ್ಟನೆ ಹೊರಳಿಬಿಟ್ಟ, ದೊಡ್ಡಾವ ತಡ್ಕೊಳಾಕ ಆಗ್ಲಾರ್ದ ಮುಂದ ಹೋಗಿ ಬೇವಿನ ಗಿಡದ ಕಟ್ಟಿತನ ಹೋದ, ಸಣ್ಣಾವ ಹಿಂದಿಂದ ಬಂದು ಬೆನ್ನಿಗೆ ಮುಟ್ಟಿದ. ಇಡೀ ಸಾಲಿ ಕೂಗಿತು. ವಿವರಿಸೋದು ಏನೂ ಉಳೀಲಿಲ್ಲ.

ಸ್ಟ್ಯಾಂಡ್‌ಬೈ ವಿಷಯ ಹೇಳಿದಾಗ ಮಾತ್ರ ಸುಮ್ನಾದ್ರು. ಒಬ್ಬ ಕೇಳಿದ, ಆ ಕೆಟ್ಟ ವಿಮಾನದ ಪೈಲಟ್‌ಗೆ ಎಂಥ ಅನ್ನಿಸಿರಬೇಕ್ರಿ ಸರ್ ಅಂತ. ನನಗೂ ಅದು ಹೊಳೆದಿರಲಿಲ್ಲ.

ಕುಷ್ಟಗಿ ಅಕ್ಕಾರ, ನಿಮ್ಮ ದೊಡ್ಡವ್ವನ ಕಥಿ ಹೆಸರು ಹೇಳ್ಲಾರ್ದ ಹೇಳೀನಿ, ನಿಮ್ಮನ್ನ ಕೇಳಬೇಕಿತ್ತು, ಕ್ಷಮಿಸ್ರಿ. ಪ್ರಶ್ನೆ ಕೇಳಿದ ಹುಡುಗಿ ಊಟದ ಬಿಡುವಿನಾಗ ಸ್ಟಾಫ್ ರೂಮಿಗೆ ಬಂದ್ಳು. ಅವರಪ್ಪ ದುಡಿಯಾಕ ಅಂತ ಹೋಗಿ ಎರಡು ವರ್ಷ ಆತು, ಫೋನಿಲ್ಲ, ಸುದ್ದಿಯಿಲ್ಲ. ಅದು ನನಗ ಗೊತ್ತೇ ಇರಲಿಲ್ಲ, ಎರಡು ವರ್ಷದಿಂದ ನನ್ನ ಕ್ಲಾಸಿನಾಗ ಕುಂದ್ರಾಕಿ. ನಾಳೆ ಅವರವ್ವನ ಜೋಡಿ ಸ್ಟೇಷನ್ನಿಗೆ ಹೋಗಿ ಒಂದು ಕಂಪ್ಲೇಂಟರ ಬರೆಸಬೇಕು ಅಂತ ಮಾಡೀನಿ.

ದೇವಯ್ಯ ಅವರ ಫೋಟೋ ಸಿಂಧನೂರಿನ ಸ್ಟುಡಿಯೋದಾಗ ಪ್ರಿಂಟ್ ಹಾಕಿಸಿ ಫ್ರೇಮ್ ಕಟ್ಟಿಸಿದೆ. ಕೆಳಗ ಬರೀ 7-9-1965 ಅಂತ ಬರೆಸಬೇಕು ಅಂತಿದ್ದೆ. 1979 ಕೂಡ ಬರೀರಿ ಸರ್ ಅಂದ್ಳು ಆ ಹುಡುಗಿ. ಸ್ಟುಡಿಯೋದವ ಇದ್ಯಾಕ್ರಿ ಈ ಇಸವಿ ಅಂತ ಕೇಳಿದ, ಅವನಿಗೂ ನಿಂತು ಪೂರ್ತಿ ಕಥಿ ಹೇಳಿ ಬಂದೆ.